ಆಸ್ಟ್ರೇಲಿಯದ ದೇಸಿ ಡೈಸಿಗಳು: ಮನೆಯಂಗಳದಲ್ಲಿ ಬೆಳೆಸುವ ಕ್ರಮ

ಮೆಲ್ಬರ್ನ್ ನಗರದ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಹಿತ್ತಲನ್ನು ಅಗೆದರೆ ಸಿಗುವ ಮಣ್ಣು ವಿಜಯಪುರ, ಕಲಬುರಗಿ ಕಡೆಯವರಿಗೆ ಕಂಡ ಕೂಡಲೇ ಪರಿಚಯದ್ದೆನಿಸುತ್ತದೆ. ಅಲ್ಲಿಯ ಎರೆಮಣ್ಣಿನಂತೆ ಇದೂ ಬಸಾಲ್ಟ್ ಶಿಲೆ ಸವೆದು ಆದದ್ದು. ಮಳೆ ಬಿದ್ದಾಗ ಉಬ್ಬಿ ಗುದ್ದಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮನೆಗಳೂ ಕುರಿಗಳೂ ಬರುವುದಕ್ಕೆ ಮುಂಚೆ ಈ ಬಯಲು ಹುಲ್ಲುಗಾವಲಾಗಿತ್ತು, ಮತ್ತು ಆ ಹುಲ್ಲಿನ ನಡುವೆ ಹಳದಿ, ಬಿಳಿ, ನೇರಳೆ ಬಣ್ಣದ ಹತ್ತಾರು ಬಗೆಯ ಡೈಸಿಗಳು ಅರಳುತ್ತಿದ್ದವು. ಆ ಹುಲ್ಲುಗಾವಲಿನ ಬಹುಪಾಲು ಈಗ ಉಳಿದಿಲ್ಲ. ಉಳಿದಿರುವುದು ರೈಲುಹಳಿಗಳ ಅಂಚು, ಹಳೆಯ ಸ್ಮಶಾನಗಳು, ಬೇಲಿ ಹಾಕಿ ಕಾಪಾಡಿದ ಕೆಲವು ತುಂಡುಗಳು. ಈ ಮಣ್ಣಿನಲ್ಲಿ ನಾನು ಹನ್ನೆರಡು ವರ್ಷಗಳಿಂದ ಈ ಗಿಡಗಳನ್ನು ಬೆಳೆಸುತ್ತ ಬಂದಿದ್ದೇನೆ. ಆಸ್ಟ್ರೇಲಿಯದಲ್ಲಿ ನೆಲೆಸಿ ಅಂಗಳದಲ್ಲಿ ಹೂವಿನ ಗಿಡ ಬೇಕೆನ್ನುವ ಕನ್ನಡಿಗರಿಗಾಗಿ, ಹಾಗೂ ಊರಿನಲ್ಲಿಯೇ ಇದ್ದು ಇವುಗಳಲ್ಲಿ ಒಂದೆರಡನ್ನು ಕುಂಡದಲ್ಲಿ ಬೆಳೆಸಲು ಬಯಸುವವರಿಗಾಗಿ ಈ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆರಂಭದಲ್ಲಿಯೇ ಒಂದು ಮಾತನ್ನು ಹೇಳಬೇಕು. ಈ ಡೈಸಿಗಳಲ್ಲಿ ಹೆಚ್ಚಿನವು ಅಲ್ಪಾಯುಷಿಗಳು. ಕೆಲವು ಒಂದೇ ವರ್ಷದಲ್ಲಿ ಹೂಬಿಟ್ಟು ಬೀಜವಾಗಿ ಮುಗಿಯುತ್ತವೆ. ಬಹುವಾರ್ಷಿಕಗಳೆನಿಸಿಕೊಂಡವು ಕೂಡ ಎರಡು ಮೂರು ವರ್ಷಗಳಲ್ಲಿ ನಡುವೆ ಬೋಳಾಗಿ, ಕಟ್ಟಿಗೆ ಕಟ್ಟಿಗೆಯಾಗಿ, ಹೂ ಕಡಿಮೆ ಮಾಡುತ್ತವೆ. ಇದನ್ನು ತಿಳಿಯದವರು ಗಿಡ ಸತ್ತಿತೆಂದು ಬೇಸರಪಟ್ಟು ಕೈಬಿಡುತ್ತಾರೆ. ನಮ್ಮ ಸೇವಂತಿಗೆ ಬೆಳೆಗಾರರು ಹೂವಿನ ಕಾಲ ಮುಗಿದ ಮೇಲೆ ಬುಡದಿಂದ ಒಡೆದ ಮರಿಗಳನ್ನು ಕಿತ್ತು ಮುಂದಿನ ವರ್ಷದ ಸಾಲಿಗೆ ನೆಡುತ್ತಾರಲ್ಲ, ಇಲ್ಲಿಯೂ ಅದೇ ಬುದ್ಧಿ ಬೇಕು. ವರ್ಷಕ್ಕೊಮ್ಮೆ ನಾಲ್ಕು ಕಡ್ಡಿ ಊರುವ ಅಭ್ಯಾಸವಿದ್ದವರ ಅಂಗಳದಲ್ಲಿ ದೇಸಿ ಡೈಸಿಗಳು ಎಂದೂ ಖಾಲಿಯಾಗುವುದಿಲ್ಲ. ಮುಂದೆ ಹೇಳುವುದೆಲ್ಲವೂ ಈ ಒಂದು ಅಭ್ಯಾಸಕ್ಕೆ ಪೂರಕವಾದದ್ದು.

ಡೈಸಿ ಎಂದರೇನು, ದೇಸಿ ಯಾವುದು

ಸೂರ್ಯಕಾಂತಿ, ಚೆಂಡುಹೂ, ಸೇವಂತಿಗೆ ಇರುವ ಆಸ್ಟರೇಸಿ ಕುಟುಂಬಕ್ಕೇ ಡೈಸಿಗಳೂ ಸೇರುತ್ತವೆ. ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ಹತ್ತಾರು ಅಥವಾ ನೂರಾರು ಪುಟ್ಟ ಹೂಗಳ ಗೊಂಚಲು. ಸೂರ್ಯಕಾಂತಿಯ ನಡುವಿನ ತಟ್ಟೆಯಲ್ಲಿ ಒಂದೊಂದು ಕಾಳಿಗೂ ಒಂದೊಂದು ಹೂವಿರುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಆಸ್ಟ್ರೇಲಿಯದ ದೇಸಿ ಡೈಸಿಗಳಲ್ಲಿ ‘ಎವರ್‌ಲಾಸ್ಟಿಂಗ್’ ಅಥವಾ ‘ಪೇಪರ್ ಡೈಸಿ’ ಎಂದು ಕರೆಯುವ ಒಂದು ದೊಡ್ಡ ಗುಂಪಿದೆ. ಇವುಗಳ ಹೊಳೆಯುವ ‘ಎಸಳು’ಗಳು ಎಸಳುಗಳೇ ಅಲ್ಲ, ಹೂಗೊಂಚಲನ್ನು ಸುತ್ತಿರುವ ಸಹಪತ್ರಗಳು, ಅಂದರೆ ರೂಪ ಬದಲಿಸಿಕೊಂಡ ಎಲೆಗಳು, ಮುಟ್ಟಿದರೆ ಒಣ ಕಾಗದದಂತೆ ಸರಸರ ಎನ್ನುತ್ತವೆ. ನಮ್ಮಲ್ಲಿ ಬೋಗನ್‌ವಿಲ್ಲಾಕ್ಕೆ ಕಾಗದದ ಹೂ ಎಂಬ ಹೆಸರು ಬಂದಿರುವುದೂ ಅದರ ಬಣ್ಣದ ಸಹಪತ್ರಗಳಿಂದಲೇ. ಈ ಎರಡು ಗಿಡಗಳಿಗೂ ಸಂಬಂಧವಿಲ್ಲ, ಆದರೆ ಎರಡು ದೇಶಗಳ ಜನ ಮುಟ್ಟಿನೋಡಿ ಒಂದೇ ಹೆಸರಿಟ್ಟಿದ್ದಾರೆ.

ನರ್ಸರಿಯಲ್ಲಿ ಡೈಸಿ ಎಂದು ಬರೆದಿರುವುದೆಲ್ಲ ಆಸ್ಟ್ರೇಲಿಯದ್ದಲ್ಲ ಎಂಬುದನ್ನು ಇಲ್ಲಿಯೇ ಎಚ್ಚರಿಸಬೇಕು. ಜರ್ಬೆರಾ, ಗಜಾನಿಯಾ, ಆಫ್ರಿಕನ್ ಡೈಸಿ ಎಂದು ಮಾರುವ ಆಸ್ಟಿಯೋಸ್ಪರ್ಮಮ್, ಇವು ಹೊರಗಿನಿಂದ ಬಂದವು. ಗಜಾನಿಯಾ ಹಲವು ಕಡೆ ಕಳೆಯಾಗಿ ಹಬ್ಬಿದೆ. ದಕ್ಷಿಣ ಆಫ್ರಿಕದಿಂದ ಬಂದ ಬೋನ್‌ಸೀಡ್ ಎಂಬ ಹಳದಿ ಹೂವಿನ ಪೊದೆಯನ್ನು ರಾಷ್ಟ್ರಮಟ್ಟದ ಪ್ರಮುಖ ಕಳೆಯೆಂದೇ ಘೋಷಿಸಲಾಗಿದೆ. ಗೋಡೆಯ ಸಂದಿಗಳಲ್ಲಿ ಬಿಳಿ, ತಿಳಿಗುಲಾಬಿ ಹೂ ಬಿಡುವ ಎರಿಜೆರಾನ್ ಮೆಕ್ಸಿಕೊ ಕಡೆಯ ಗಿಡ, ಆದರೂ ಅದನ್ನು ಇಲ್ಲಿನದೆಂದೇ ನಂಬಿದವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಆದ್ದರಿಂದ ಮಾರಾಟದ ಹೆಸರನ್ನು ನೆಚ್ಚದೆ, ಚೀಟಿಯ ಹಿಂಬದಿಯಲ್ಲಿರುವ ಸಸ್ಯಶಾಸ್ತ್ರೀಯ ಹೆಸರನ್ನು ಓದಿ ಕೊಳ್ಳಬೇಕು. ಹಲವು ನಗರಸಭೆಗಳ ವ್ಯಾಪ್ತಿಯಲ್ಲಿ ಆಯಾ ಪ್ರದೇಶದ ಗಿಡಗಳನ್ನಷ್ಟೇ ಬೆಳೆಸುವ ಸಣ್ಣ ನರ್ಸರಿಗಳಿವೆ. ಅಲ್ಲಿ ಸಿಗುವ, ಅಂಗೈಯಷ್ಟೂ ಅಗಲವಿಲ್ಲದ ಉದ್ದನೆಯ ಕೊಳವೆಕುಂಡದ ಸಸಿ ಬೆಲೆಯಲ್ಲಿ ಕಡಿಮೆ, ಬೇರೂರುವುದರಲ್ಲಿ ದೊಡ್ಡ ಕುಂಡದ ಗಿಡಕ್ಕಿಂತ ಮೇಲು.

ಹೊಸಬರು ಆರಿಸಿಕೊಳ್ಳಬೇಕಾದವು

ಮೊದಲ ಗಿಡವಾಗಿ ನಾನು ಹೇಳುವುದು ಬ್ರಾಕಿಸ್ಕೋಮಿ ಮಲ್ಟಿಫಿಡಾ. ಸಬ್ಬಸಿಗೆಯಷ್ಟು ಸಣ್ಣಗಲ್ಲದಿದ್ದರೂ ನಯವಾಗಿ ಸೀಳಿದ ಎಲೆ, ನೇರಳೆ ಅಥವಾ ತಿಳಿಗುಲಾಬಿ ಹೂ, ನಡುವೆ ಹಳದಿ. ಮೊಣಕಾಲೆತ್ತರವನ್ನು ಮೀರದೆ ಒಂದು ಮೀಟರ್‌ವರೆಗೆ ಹರಡುತ್ತದೆ, ನೆಲಕ್ಕೆ ತಾಗಿದ ಕೊಂಬೆಗಳು ತಾವಾಗಿಯೇ ಬೇರು ಬಿಡುತ್ತವೆ, ಮತ್ತು ಚಳಿಯ ಕೆಲವು ವಾರಗಳನ್ನು ಬಿಟ್ಟರೆ ವರ್ಷದ ಬಹುಕಾಲ ಒಂದಿಷ್ಟಾದರೂ ಹೂವಿರುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲಿದ್ದರೆ ಸಾಕು, ಅರೆನೆರಳನ್ನೂ ಸಹಿಸುತ್ತದೆ. ಗ್ರೀಕ್ ಭಾಷೆಯಲ್ಲಿ ಬ್ರಾಕಿಸ್ಕೋಮಿ ಎಂಬ ಹೆಸರಿಗೆ ‘ಗಿಡ್ಡ ಕೂದಲು’ ಎಂಬ ಅರ್ಥ ಬರುತ್ತದೆ. ಬೀಜದ ತುದಿಯ ಕೂದಲಿನ ಕುಚ್ಚು ಅಷ್ಟು ಚಿಕ್ಕದು. ಇದರ ಬಂಧು, ಪಶ್ಚಿಮ ಆಸ್ಟ್ರೇಲಿಯದ ಬ್ರಾಕಿಸ್ಕೋಮಿ ಐಬೆರಿಡಿಫೋಲಿಯಾ, ಒಂದೇ ವರ್ಷದ ಗಿಡ. ‘ಸ್ವಾನ್ ರಿವರ್ ಡೈಸಿ’ ಎಂಬ ಹೆಸರಿನ ಬೀಜದ ಪೊಟ್ಟಣದಲ್ಲಿ ಸಿಗುವುದು ಇದು.

ಎರಡನೆಯದು ಜೆರೋಕ್ರೈಸಮ್ ಬ್ರಾಕ್ಟಿಯೇಟಮ್. ಒಣಗಿದ ಬಂಗಾರ ಎಂಬರ್ಥದ ಹೆಸರು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಫ್ರಾನ್ಸಿನಲ್ಲಿ ನೆಪೋಲಿಯನ್ನನ ಪತ್ನಿ ಜೋಸೆಫೀನಳ ಮಾಲ್‌ಮೇಸಾನ್ ಉದ್ಯಾನದ ಗಿಡಗಳನ್ನು ವರ್ಣಿಸುತ್ತಿದ್ದ ವಾಂತೆನಾ ಎಂಬ ಸಸ್ಯಶಾಸ್ತ್ರಜ್ಞ 1803ರಲ್ಲಿ ಇದಕ್ಕೆ ಮೊದಲ ಶಾಸ್ತ್ರೀಯ ಹೆಸರಿಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ತೋಟಗಾರರು ಇದರಿಂದ ಕೆಂಪು, ಕಿತ್ತಳೆ, ಗುಲಾಬಿ ಬಣ್ಣದ ವಾರ್ಷಿಕ ತಳಿಗಳನ್ನು ತೆಗೆದರು. ನಮ್ಮ ದೇಶದ ಬೀಜದಂಗಡಿಗಳಲ್ಲಿ ಹೆಲಿಕ್ರೈಸಮ್ ಎಂಬ ಹಳೆಯ ಹೆಸರಿನಲ್ಲಿ ಇಂದಿಗೂ ಸಿಗುವುದು ಇಂಥ ತಳಿಗಳೇ. ಆಸ್ಟ್ರೇಲಿಯದ ತೋಟಗಳಲ್ಲಿ ಹೆಚ್ಚಾಗಿ ಬೆಳೆಸುವುದು ಬಹುವಾರ್ಷಿಕ ರೂಪಗಳನ್ನು. ಅವುಗಳಲ್ಲಿ ‘ಡಾರ್ಗನ್ ಹಿಲ್ ಮೊನಾರ್ಕ್’ ಎಂಬ ತಳಿಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ: ಕ್ವೀನ್ಸ್‌ಲ್ಯಾಂಡಿನ ಕನ್ನಿಂಗ್‌ಹ್ಯಾಮ್ಸ್ ಗ್ಯಾಪ್ ಪ್ರದೇಶದ ಈ ಗಿಡ 1961ರಲ್ಲಿ ತೋಟಗಳಿಗೆ ಬಂತು, ಬೂದುಬಣ್ಣದ ಎಲೆ, ಅಂಗೈ ತುಂಬುವ ಏಳರಿಂದ ಒಂಬತ್ತು ಸೆಂಟಿಮೀಟರಿನ ಚಿನ್ನದ ಹೂ. ಇದಕ್ಕೆ ಪೂರ್ತಿ ಬಿಸಿಲು ಬೇಕು.

ಮೂರನೆಯದು ಕ್ರೈಸೋಸೆಫಾಲಮ್ ಅಪಿಕ್ಯುಲೇಟಮ್. ‘ಯೆಲ್ಲೋ ಬಟನ್ಸ್’ ಎಂದು ಕರೆಯುತ್ತಾರೆ. ಅಂಗಿಯ ಗುಂಡಿಯಷ್ಟು ಹಳದಿ ಹೂಗಳ ಗೊಂಚಲು, ಬೆಳ್ಳಿಯಂಥ ಎಲೆ. ಕಡಲತೀರದಿಂದ ಒಳನಾಡಿನ ಒಣಭೂಮಿಯವರೆಗೆ ಈ ಒಂದು ಪ್ರಭೇದ ಎಷ್ಟು ರೂಪಗಳಲ್ಲಿ ಬೆಳೆಯುತ್ತದೆಂದರೆ, ನಿಮ್ಮ ಪ್ರದೇಶದ ರೂಪವನ್ನೇ ಕೇಳಿ ತರುವುದು ಒಳ್ಳೆಯದು. ಇದು ನೆಲದಡಿಯಲ್ಲಿ ಮರಿ ಒಡೆದು ಹಬ್ಬುವುದರಿಂದ ಜಾಗ ಬಿಟ್ಟು ನೆಡಬೇಕು.

ಪೊದೆಯಂಥದ್ದು ಬೇಕಾದವರು ಒಲಿಯಾರಿಯಾ ಫ್ಲೋಗೋಪಪ್ಪಾ ತರಬಹುದು. ಒಂದರಿಂದ ಎರಡು ಮೀಟರ್ ಎತ್ತರ, ವಸಂತದಲ್ಲಿ (ಆಸ್ಟ್ರೇಲಿಯದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್) ಎಲೆ ಕಾಣದಷ್ಟು ಬಿಳಿ ಅಥವಾ ನೀಲಿ ಹೂ. ಹೂದಾನಿಗೆಂದು ಬೆಳೆಸುವವರಿಗೆ ಉದ್ದನೆಯ ಕಡ್ಡಿಯ ತುದಿಯಲ್ಲಿ ಹಳದಿ ಚೆಂಡು ಕೂರಿಸಿದಂತಿರುವ ಪಿಕ್ನೊಸೋರಸ್ ಗ್ಲೋಬೋಸಸ್ ಇದೆ.

ಮಣ್ಣಿನ ಸಿದ್ಧತೆ

ಈ ಗಿಡಗಳಲ್ಲಿ ಹೆಚ್ಚಿನವು ಸಾಯುವುದು ಬಾಯಾರಿಕೆಯಿಂದಲ್ಲ, ಬುಡದಲ್ಲಿ ನೀರು ನಿಂತು. ನಮ್ಮ ಮನೆಯಲ್ಲಿ ಮೊದಲ ವರ್ಷ ಆರು ಗಿಡಗಳಲ್ಲಿ ಐದನ್ನು ನಾನು ಹೀಗೆಯೇ ಕಳೆದುಕೊಂಡೆ: ಊರಿನ ರೂಢಿಯಂತೆ ಸಂಜೆ ಸಂಜೆ ನೀರು ಹಾಕುತ್ತಿದ್ದೆ, ಗಿಡ ಬಾಡಿದಂತೆ ಕಂಡಾಗ ಇನ್ನೊಂದು ತಂಬಿಗೆ ಹೆಚ್ಚಿಗೆ ಹಾಕುತ್ತಿದ್ದೆ. ಕಿತ್ತುನೋಡಿದಾಗ ಬೇರುಗಳು ಕಂದಾಗಿ, ಹೊರಸಿಪ್ಪೆ ಬೆರಳಿಗೆ ಜಾರಿ ಬರುತ್ತಿತ್ತು. ಬೇರು ಕೊಳೆತ ಗಿಡವೂ ಬಾಡುತ್ತದೆ, ಬಾಯಾರಿದ ಗಿಡವೂ ಬಾಡುತ್ತದೆ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ನಿಮ್ಮದು ಜೇಡಿಮಣ್ಣಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ಮಳೆನೀರನ್ನು ತುಂಬಿ, ಕಡಲೆಕಾಳಿನಷ್ಟು ಒಣಮಣ್ಣಿನ ಹೆಂಟೆಯನ್ನು ಅದರೊಳಗೆ ಮೆಲ್ಲಗೆ ಇಳಿಸಿ, ಅಲುಗಾಡಿಸದೆ ಒಂದು ದಿನ ಬಿಡಿ. ಹೆಂಟೆಯ ಸುತ್ತ ಹಾಲು ಬೆರೆಸಿದಂತೆ ನೀರು ಕದಡಿದರೆ ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿದ್ದು, ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಸಂದಿಗಳನ್ನೆಲ್ಲ ಮುಚ್ಚುತ್ತಿವೆ ಎಂದು ಅರ್ಥ. ಅಂಥ ಮಣ್ಣಿಗೆ ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂನ ಸ್ಥಾನಕ್ಕೆ ಬಂದು ಕಣಗಳು ಗುಂಪುಗೂಡಿ ನೀರಿಗೆ ದಾರಿಯಾಗುತ್ತದೆ. ಹೆಂಟೆ ಕುಸಿದರೂ ನೀರು ತಿಳಿಯಾಗಿಯೇ ಉಳಿದರೆ ಜಿಪ್ಸಂನಿಂದ ಹೇಳಿಕೊಳ್ಳುವಷ್ಟು ಪ್ರಯೋಜನವಿಲ್ಲ. ಆ ಹಣವನ್ನು ಕಾಂಪೋಸ್ಟಿಗೆ ಹಾಕುವುದು ಲೇಸು. ನಲ್ಲಿಯ ನೀರಿನಲ್ಲಿ ಕರಗಿರುವ ಲವಣಗಳು ಫಲಿತಾಂಶವನ್ನು ಕೆಡಿಸಬಹುದಾದ್ದರಿಂದ ಮಳೆನೀರನ್ನೇ ಬಳಸಬೇಕು.

ಮಣ್ಣು ಯಾವುದೇ ಇರಲಿ, ಭಾರವಾದ ನೆಲದಲ್ಲಿ ಏರುಮಡಿ ಮಾಡುವುದಕ್ಕೆ ಸಮನಾದ ಉಪಾಯ ಇಲ್ಲ. ನೆಲಮಟ್ಟದಿಂದ ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರ್ ಎತ್ತರಕ್ಕೆ, ನಿಮ್ಮದೇ ಮೇಲ್ಮಣ್ಣಿಗೆ ದಪ್ಪ ಮರಳು ಮತ್ತು ಸ್ವಲ್ಪ ಹಳೆಯ ಕಾಂಪೋಸ್ಟ್ ಬೆರೆಸಿ ದಿಬ್ಬ ಏರಿಸಿ. ಕೆಳಗಿನ ಜೇಡಿಯನ್ನು ಕವೆಗೋಲಿನಿಂದ ಸಡಿಲಿಸಿ ಎರಡನ್ನೂ ಒಂದಿಷ್ಟು ಬೆರೆಸದಿದ್ದರೆ, ಬೇರುಗಳು ಮೇಲಿನ ಪದರದಲ್ಲೇ ಸುತ್ತಿಕೊಂಡು ಬೇಸಿಗೆಯಲ್ಲಿ ಒಣಗುತ್ತವೆ. ಪರ್ತ್ ಕಡೆಯವರ ಕಷ್ಟ ಇದಕ್ಕೆ ವಿರುದ್ಧವಾದದ್ದು: ಅಲ್ಲಿಯ ಮರಳು ಒಮ್ಮೆ ಒಣಗಿದರೆ ನೀರನ್ನೇ ಒಳಗೆ ಬಿಡುವುದಿಲ್ಲ, ಮೇಲೆ ಮುತ್ತಿನಂತೆ ಉರುಳಿಸುತ್ತದೆ. ಅಲ್ಲಿ ಕಾಂಪೋಸ್ಟೂ ಮರಳಿಗೆ ನೀರು ಹೀರಿಸುವ ದ್ರಾವಣವೂ ಬೇಕಾಗುತ್ತವೆ.

ನೆಡುವುದು, ನೀರು, ಗೊಬ್ಬರ

ದಕ್ಷಿಣ ಆಸ್ಟ್ರೇಲಿಯ ಖಂಡಭಾಗದಲ್ಲಿ ನೆಡಲು ತಕ್ಕ ಕಾಲ ಏಪ್ರಿಲ್, ಮೇ ತಿಂಗಳು. ಆಗ ನೆಲದಲ್ಲಿ ಬೇಸಿಗೆಯ ಬಿಸುಪು ಉಳಿದಿರುತ್ತದೆ, ಮಳೆ ಶುರುವಾಗಿರುತ್ತದೆ, ಮತ್ತು ಮುಂದಿನ ಬೇಸಿಗೆಯೊಳಗೆ ಬೇರು ಇಳಿಯಲು ಏಳೆಂಟು ತಿಂಗಳ ಅವಕಾಶ ಸಿಗುತ್ತದೆ. ಮಂಜು ಬೀಳುವ ಕ್ಯಾನ್‌ಬೆರಾದಂಥ ಕಡೆಗಳಲ್ಲಿ ಎಳೆಯ ಗಿಡಗಳಿಗೆ ವಸಂತದ ನೆಡುವಿಕೆ ಕ್ಷೇಮ. ಸಸಿಯನ್ನು ಕುಂಡದ ಸಮೇತ ನೀರಿನ ಬಕೆಟ್ಟಿನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ, ಕುಂಡದಲ್ಲಿದ್ದ ಮಟ್ಟಕ್ಕೇ ನೆಡಿ. ಕಾಂಡ ಹೂತುಹೋದರೆ ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ ಮೂವತ್ತರಿಂದ ಐವತ್ತು ಸೆಂಟಿಮೀಟರ್ ಇರಲಿ. ಹೊದಿಕೆಯಾಗಿ ಮರದ ಚೂರುಗಳಿಗಿಂತ ಸಣ್ಣ ಜಲ್ಲಿ ಈ ಗಿಡಗಳಿಗೆ ಹಿತ. ಬುಡದ ಸುತ್ತ ನಾಲ್ಕು ಬೆರಳಗಲ ಬರಿದಾಗಿ ಬಿಡಬೇಕು.

ಮೊದಲ ಬೇಸಿಗೆಯಲ್ಲಿ ವಾರಕ್ಕೆ ಒಂದು ಅಥವಾ ಎರಡು ಸಲ, ಬೆಳಗ್ಗೆ, ಬುಡಕ್ಕೆ, ಆಳಕ್ಕೆ ಇಳಿಯುವಷ್ಟು ನೀರು ಕೊಟ್ಟರೆ ಸಾಕು. ಬಡಗಣ ಗಾಳಿ ಬೀಸಿ ಬಿಸಿಲು 40 ಡಿಗ್ರಿ ದಾಟುವ ದಿನಗಳ ಹಿಂದಿನ ಸಂಜೆ ಮಾತ್ರ ಈ ನಿಯಮ ಮುರಿಯಬಹುದು. ಬೂದುಬಣ್ಣದ, ನವಿರು ಕೂದಲಿನ ಎಲೆಗಳ ಮೇಲೆ ನೀರು ಚಿಮುಕಿಸಬೇಡಿ. ಒಣಗಾಳಿಯಲ್ಲಿ ತೇವ ಉಳಿಸಿಕೊಳ್ಳಲೆಂದು ಬೆಳೆದ ಆ ಕೂದಲು ನೀರನ್ನು ಹಿಡಿದಿಟ್ಟುಕೊಂಡು ಕೊಳೆಗೆ ದಾರಿ ಮಾಡುತ್ತದೆ.

ಆಸ್ಟ್ರೇಲಿಯದ ಗಿಡಗಳಿಗೆ ಗೊಬ್ಬರವೇ ಕೂಡದು ಎಂಬ ಮಾತು ಬ್ಯಾಂಕ್ಸಿಯಾ, ಗ್ರೆವಿಲಿಯಾಗಳಂಥ ರಂಜಕ ಸಹಿಸದ ಗಿಡಗಳಿಂದ ಹುಟ್ಟಿದ್ದು. ಡೈಸಿಗಳು ಅಷ್ಟು ನಾಜೂಕಲ್ಲ. ವಸಂತದ ಆರಂಭದಲ್ಲಿ ನಿಧಾನವಾಗಿ ಕರಗುವ, ರಂಜಕ ಕಡಿಮೆಯಿರುವ ಗೊಬ್ಬರವನ್ನು ಒಂದು ಚಿಟಿಕೆ ಕೊಟ್ಟರೆ ಹೂ ಹೆಚ್ಚುತ್ತದೆ. ಕುಂಡದಲ್ಲಿ ಬೆಳೆಸುವವರು ಇಪ್ಪತ್ತರಿಂದ ಇಪ್ಪತ್ತೈದು ಸೆಂಟಿಮೀಟರಿನ ಮಣ್ಣಿನ ಕುಂಡವನ್ನು ಆರಿಸಿ, ಅಡಿಯ ತಟ್ಟೆಯನ್ನು ತೆಗೆದುಬಿಡಬೇಕು.

ಚಿವುಟುವುದು ಮತ್ತು ಕತ್ತರಿಸುವುದು

ನೆಟ್ಟ ಎರಡನೆಯ ವಾರದಿಂದಲೇ ಕುಡಿಗಳನ್ನು ಉಗುರಿನಿಂದ ಚಿವುಟಲು ಆರಂಭಿಸಿ. ಒಂದು ಕುಡಿ ತೆಗೆದಲ್ಲಿ ಎರಡು ಮೂರು ಒಡೆಯುತ್ತವೆ. ಹೀಗೆ ಮಾಡದ ಗಿಡ ಉದ್ದಕ್ಕೆ ಬೆಳೆದು ನಡುವೆ ಸೀಳಿಬೀಳುತ್ತದೆ. ಮೊದಲ ಮೊಗ್ಗುಗಳನ್ನು ಚಿವುಟಲು ಮನಸ್ಸು ಬರುವುದಿಲ್ಲ, ಆದರೆ ಆ ಒಂದು ತಿಂಗಳ ಹೂ ಬಿಟ್ಟುಕೊಟ್ಟದ್ದಕ್ಕೆ ಗಿಡ ಹಲವು ಪಟ್ಟು ಹೂ ಕೊಡುತ್ತದೆ. ಹೂವಿನ ದೊಡ್ಡ ಸುಗ್ಗಿ ಮುಗಿದ ಮೇಲೆ ಇಡೀ ಗಿಡವನ್ನು ಮೂರನೆಯ ಒಂದು ಭಾಗದಷ್ಟು ಕತ್ತರಿಸಬೇಕು. ಎಲೆಯೇ ಇಲ್ಲದ ಹಳೆಯ ಕಟ್ಟಿಗೆಗೆ ಮಾತ್ರ ಕತ್ತರಿ ಹಾಕಬೇಡಿ, ಹೆಚ್ಚಿನ ಡೈಸಿಗಳು ಅಲ್ಲಿಂದ ಚಿಗುರಲಾರವು. ಕ್ರೈಸೋಸೆಫಾಲಮ್ ಇದಕ್ಕೆ ಅಪವಾದ. ಬುಡದಲ್ಲಿ ಹೊಸ ಬೆಳ್ಳಿಚಿಗುರು ಕಾಣಿಸಿದರೆ ಹಳೆಯ ಕಡ್ಡಿಗಳನ್ನು ನೆಲಮಟ್ಟಕ್ಕೆ ತೆಗೆಯಬಹುದು.

ಕಡ್ಡಿ ಊರಿ ಸಸಿ ಮಾಡುವುದು

ಇದನ್ನು ಕಲಿತವರಿಗೆ ಮುಂದೆ ಗಿಡ ಕೊಳ್ಳುವ ಅಗತ್ಯವೇ ಬರುವುದಿಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಮಾರ್ಚ್ ತಿಂಗಳು ಒಳ್ಳೆಯದು, ವಸಂತದಲ್ಲಿಯೂ ಆಗುತ್ತದೆ. ಬೆಳಗಿನ ಹೊತ್ತು, ಗಿಡ ನೀರುಂಡು ಗಟ್ಟಿಯಾಗಿರುವಾಗ, ಮೊಗ್ಗಿಲ್ಲದ ಕುಡಿಗಳನ್ನು ಆರಿಸಿ. ತುದಿಯನ್ನು ಬಾಗಿಸಿದಾಗ ಸೊಪ್ಪಿನ ದಂಟಿನಂತೆ ಮೆತ್ತಗೆ ಬಳುಕಿದರೆ ಅದು ತೀರ ಎಳಸು, ಕಡ್ಡಿಯಂತೆ ಲಟಕ್ಕೆಂದರೆ ಬಲಿತದ್ದು. ಬಾಗಿ, ಬಿಟ್ಟಾಗ ಮತ್ತೆ ನೆಟ್ಟಗಾಗುವುದು ಬೇಕು. ಐದರಿಂದ ಎಂಟು ಸೆಂಟಿಮೀಟರ್ ಉದ್ದಕ್ಕೆ, ಎಲೆಗೆಣ್ಣಿನ ಸರಿಯಾಗಿ ಕೆಳಗೆ, ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಮೂರನೆಯ ಎರಡು ಭಾಗದ ಎಲೆಗಳನ್ನು ಮೇಲ್ಮುಖವಾಗಿ ಎಳೆದು ತೆಗೆಯಿರಿ. ಕೆಳಮುಖವಾಗಿ ಎಳೆದರೆ ಸಿಪ್ಪೆಯೂ ಜೊತೆಗೆ ಹರಿದುಬರುತ್ತದೆ.

ಊರುವ ಮಿಶ್ರಣಕ್ಕೆ ಮಣ್ಣು ಬೇಡ. ತೊಳೆದ ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಗಳಲ್ಲಿ ಸಿಗುವ ಹಗುರವಾದ ಬಿಳಿ ಖನಿಜದ ಕಾಳು) ಮೂರು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಇಟ್ಟಿಗೆಯಂತೆ ಒತ್ತಿ ಮಾರುವ ಈ ಪುಡಿ ಆಸ್ಟ್ರೇಲಿಯಕ್ಕೆ ಬರುವುದು ಹೆಚ್ಚಾಗಿ ಭಾರತ, ಶ್ರೀಲಂಕಾಗಳಿಂದ. ಬಿಸಿನೀರಿನಲ್ಲಿ ನೆನೆಸಿದಾಗ ಏಳುವ ಹಸಿಸಿಪ್ಪೆಯ ವಾಸನೆ ನನಗೆ ಪ್ರತಿಸಲವೂ ತಿಪಟೂರಿನ ಕಾಯಿ ಸುಲಿಯುವ ಕಣಗಳನ್ನು ನೆನಪಿಸುತ್ತದೆ. ಪೆನ್ಸಿಲ್ಲಿನಿಂದ ಮೊದಲು ರಂಧ್ರ ಮಾಡಿ, ಕಡ್ಡಿಯನ್ನು ಇಳಿಸಿ, ಸುತ್ತ ಒತ್ತಿ. ಬೇರು ಬರಿಸುವ ಪುಡಿ ಇದ್ದರೆ ಹಚ್ಚಬಹುದು, ಇಲ್ಲದಿದ್ದರೂ ಬ್ರಾಕಿಸ್ಕೋಮಿ ತಪ್ಪದೆ ಹಿಡಿಯುತ್ತದೆ. ಒಂದು ಕುಂಡಕ್ಕೆ ಹತ್ತು ಕಡ್ಡಿಯವರೆಗೆ ಊರಬಹುದು.

ಬ್ರಾಕಿಸ್ಕೋಮಿಯ ಕುಂಡದ ಮೇಲೆ ಅಡಿ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಕವುಚಿ, ಮುಚ್ಚಳ ತೆಗೆದಿಡಿ. ಬೂದು ಎಲೆಯ ಗಿಡಗಳ ಮೇಲೆ ಬಾಟಲಿ ಕವುಚಿದರೆ ಒಂದು ವಾರದಲ್ಲಿ ಎಲೆಗಳು ಬೂಷ್ಟು ಹಿಡಿದು ಕರಗುತ್ತವೆ. ಅವುಗಳನ್ನು ನೆರಳಿನಲ್ಲಿ ತೆರೆದೇ ಇಟ್ಟು, ಮಿಶ್ರಣವನ್ನು ಮಾತ್ರ ತೇವವಾಗಿಡಬೇಕು. ಮೂರು ನಾಲ್ಕು ವಾರಗಳಲ್ಲಿ ಕುಂಡದ ಅಡಿಯ ರಂಧ್ರದಲ್ಲಿ ಬಿಳಿಯ ಬೇರು ಇಣುಕುತ್ತದೆ. ಬಿಡಿಬಿಡಿಯಾಗಿ ಸಣ್ಣ ಕುಂಡಗಳಿಗೆ ಬದಲಿಸಿ, ಕುಡಿ ಚಿವುಟಿ, ಇನ್ನೊಂದು ತಿಂಗಳು ಬಿಟ್ಟು ನೆಲಕ್ಕೆ ನೆಡಿ. ಹೆಸರಿಟ್ಟು ಮಾರುವ ಕೆಲವು ತಳಿಗಳಿಗೆ ತಳಿಹಕ್ಕಿನ ಕಾನೂನು ಅನ್ವಯವಾಗುತ್ತದೆ. ಮನೆಯ ಬಳಕೆಗೆ ಸಸಿ ಮಾಡಿಕೊಳ್ಳಲು ಅಡ್ಡಿಯಿಲ್ಲ, ಮಾರುವಂತಿಲ್ಲ.

ಬೀಜದಿಂದ ಬೆಳೆಸುವುದು

ಪಶ್ಚಿಮ ಆಸ್ಟ್ರೇಲಿಯದಲ್ಲಿ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಬಯಲುಗಟ್ಟಲೆ ಗುಲಾಬಿ, ಬಿಳಿ ಹಾಸಿಗೆಯಾಗಿ ಅರಳುವ ರೋಡಾಂತಿ ಕ್ಲೋರೋಸೆಫಾಲವನ್ನು ಬೀಜದಿಂದಲೇ ಬೆಳೆಸಬೇಕು. ಪರ್ತ್‌ನ ಕಿಂಗ್ಸ್ ಪಾರ್ಕಿನಲ್ಲಿ ಇದನ್ನು ಪ್ರತಿವರ್ಷ ಮಡಿಗಟ್ಟಲೆ ಬಿತ್ತಿ ಬೆಳೆಸುತ್ತಾರೆ. ಏಪ್ರಿಲ್‌ನಿಂದ ಜೂನ್‌ವರೆಗೆ, ಕಳೆಯನ್ನು ಪೂರ್ತಿಯಾಗಿ ತೆಗೆದ, ಬಿಸಿಲು ಬೀಳುವ ಮಡಿಯಲ್ಲಿ, ಹಗುರವಾದ ಬೀಜವನ್ನು ಒಣ ಮರಳಿನೊಡನೆ ಕಲಸಿ ಎರಚಿ, ಕುಂಟೆಯ ಹಿಂಬದಿಯಿಂದ ಮೆಲ್ಲಗೆ ಒತ್ತಿ. ಮೇಲೆ ಮಣ್ಣು ಎಳೆದು ಹೂಳಬಾರದು. ಒಂದರಿಂದ ಮೂರು ವಾರಗಳಲ್ಲಿ ಮೊಳೆಯುತ್ತದೆ. ಅಲ್ಲಿಯವರೆಗೆ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳುವುದೊಂದೇ ಕೆಲಸ.

ನಿಮ್ಮದೇ ಗಿಡದ ಬೀಜ ಹಿಡಿಯಲು ಹೂವಿನ ನಡುಭಾಗ ಹತ್ತಿಯಂತೆ ಅರಳುವವರೆಗೆ ಕಾದು, ಒಣಗಿದ ಮಧ್ಯಾಹ್ನ ಕಿತ್ತು, ಬಿಳಿಯ ಹಾಳೆಯ ಮೇಲೆ ಉದುರಿಸಿ. ಒಂದೊಂದು ಬೀಜವನ್ನು ಹೆಬ್ಬೆರಳ ಉಗುರಿನಿಂದ ಒತ್ತಿನೋಡಿ: ಗಟ್ಟಿಯಾಗಿ ಎದುರೊತ್ತುವುದು ಕಾಳುಕಟ್ಟಿದ್ದು, ಚಪ್ಪಟೆಯಾಗಿ ಮಡಚುವುದು ಜೊಳ್ಳು. ಅರ್ಧಕ್ಕಿಂತ ಹೆಚ್ಚು ಜೊಳ್ಳಿದ್ದರೂ ಆಶ್ಚರ್ಯವಿಲ್ಲ. ಮಿಶ್ರತಳಿಗಳ ಬೀಜದಿಂದ ತಾಯಿಯಂಥದ್ದೇ ಹೂ ಬರುವುದಿಲ್ಲ, ಅವುಗಳಿಗೆ ಕಡ್ಡಿಯೇ ಗತಿ. ಕಾಡಿನಿಂದ, ರಸ್ತೆಬದಿಯಿಂದ ಬೀಜ ಆರಿಸಬೇಡಿ. ಸರ್ಕಾರಿ ಜಾಗದ ದೇಸಿ ಗಿಡಗಳನ್ನು ಪರವಾನಗಿಯಿಲ್ಲದೆ ಮುಟ್ಟುವಂತಿಲ್ಲ, ಮತ್ತು ರುಟಿಡೋಸಿಸ್ ಲೆಪ್ಟೋರಿಂಕಾಯ್ಡಿಸ್‌ನಂಥ ಅಳಿವಿನ ಅಂಚಿನ ಹುಲ್ಲುಗಾವಲಿನ ಡೈಸಿಗೆ ಒಂದೊಂದು ಬೀಜವೂ ಮುಖ್ಯ.

ಬೆಂಗಳೂರು, ಮೈಸೂರುಗಳಲ್ಲಿ ಇರುವವರು ಹೆಲಿಕ್ರೈಸಮ್, ಆಕ್ರೋಕ್ಲಿನಿಯಮ್ ಎಂಬ ಹೆಸರಿನ ಚಳಿಗಾಲದ ಹೂವಿನ ಬೀಜವನ್ನು ಕೇಳಿ ತರಬಹುದು. ಎರಡನೆಯದು ಮೇಲೆ ಹೇಳಿದ ರೋಡಾಂತಿಯ ಹಳೆಯ ಹೆಸರು. ಮುಂಗಾರಿನ ಜೋರು ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ನಲ್ಲಿ ಬಿತ್ತಿ, ಮಳೆಹನಿ ನೇರವಾಗಿ ಬೀಳದ ಕಡೆ ಸಸಿಗಳನ್ನು ಕಾಯಬೇಕು. ಆಸ್ಟ್ರೇಲಿಯದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಬೀಜ ತರಿಸುವುದು ಬೇಡ. ಬೀಜದ ಆಮದಿಗೆ ಅನುಮತಿ ಪತ್ರ ಬೇಕು, ಮತ್ತು ಊರಿನಿಂದ ಚೆಂಡುಹೂವಿನ ಬೀಜವನ್ನು ಆಸ್ಟ್ರೇಲಿಯಕ್ಕೆ ಒಯ್ಯುವವರಿಗೂ ಅಲ್ಲಿಯ ವಿಮಾನ ನಿಲ್ದಾಣದ ತಪಾಸಣೆ ಕಟ್ಟುನಿಟ್ಟಾಗಿರುತ್ತದೆ.

ಹುಳುಗಳು

ಎಳೆಯ ಸಸಿಗಳಿಗೆ ದೊಡ್ಡ ಶತ್ರು ಬಸವನಹುಳು. ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ನಂಬಬಹುದಾದ ವಿಧಾನ. ಹೊಸ ಕುಡಿಗಳಿಗೆ ಹೇನು ಮುತ್ತಿದರೆ ನೀರಿನ ಜೋರು ಧಾರೆ ಸಾಕು. ಎಲೆಗಳನ್ನು ರೇಷ್ಮೆನೂಲಿನಿಂದ ಹೆಣೆದು ಒಳಗೆ ಅಡಗಿದ, ಮುಳ್ಳುಮುಳ್ಳಿನ ಕಪ್ಪು ಹುಳು ಕಂಡರೆ ಔಷಧಿ ಹೊಡೆಯುವ ಮೊದಲು ನಿಲ್ಲಿ. ಅದು ಆಸ್ಟ್ರೇಲಿಯದ ಪೇಂಟೆಡ್ ಲೇಡಿ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಯಾಗಿರಬಹುದು. ಪೇಪರ್ ಡೈಸಿಗಳು ಅದರ ಮುಖ್ಯ ಆಹಾರಗಳಲ್ಲಿ ಒಂದು, ಹಗಲು ಅಡಗಿದ್ದು ರಾತ್ರಿ ತಿನ್ನುತ್ತದೆ. ಕೆಲವು ಎಲೆ ಹೋದರೂ ಗಿಡ ಚೇತರಿಸಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆಂದೇ ಬೇಲಿಯ ಮೂಲೆಯಲ್ಲಿ ಒಂದು ಕ್ರೈಸೋಸೆಫಾಲಮ್ ಬಿಟ್ಟಿದ್ದೇನೆ.

ಹೂವನ್ನು ಒಣಗಿಸುವುದು

ಜೆರೋಕ್ರೈಸಮ್ ಹೂವನ್ನು ಒಣಗಿಸಬೇಕಾದರೆ, ಹೊರಗಿನ ಎರಡು ಮೂರು ಸುತ್ತು ಬಿಚ್ಚಿ ನಡುಭಾಗ ಇನ್ನೂ ಮುಚ್ಚಿರುವಾಗಲೇ ಕೊಯ್ಯಬೇಕು. ಪೂರ್ತಿ ಅರಳಿದ್ದು ಒಣಗುವಾಗ ಹಿಂದಕ್ಕೆ ಬಾಗಿ ಬೀಜ ಉದುರಿಸುತ್ತದೆ. ಎಲೆ ತೆಗೆದು, ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ಎರಡು ಮೂರು ವಾರ ತೂಗುಹಾಕಿ. ಒಣಗಿದ ಹೂವಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಮಕ್ಕಳಿಗೆ ತೋರಿಸಿ: ಕೆಲವು ನಿಮಿಷಗಳಲ್ಲಿ ಸಹಪತ್ರಗಳೆಲ್ಲ ಮೇಲೆದ್ದು ಒಳಬಾಗಿ ಮತ್ತೆ ಮೊಗ್ಗಿನಂತಾಗುತ್ತವೆ, ಬಿಸಿಲಿಗಿಟ್ಟರೆ ಪುನಃ ಬಿಚ್ಚುತ್ತವೆ. ಸಹಪತ್ರದ ಬುಡದ ಒಂದು ಮೈ ತೇವ ಹೀರಿ ಇನ್ನೊಂದಕ್ಕಿಂತ ಹೆಚ್ಚು ಉಬ್ಬುವುದರಿಂದ ಆಗುವ ಚಲನೆ ಇದು; ಗಿಡದಲ್ಲಿರುವಾಗ ಮಳೆಯಿಂದ ಪರಾಗವನ್ನು ಕಾಪಾಡುವುದೂ ಇದೇ.

ಮರ್ನಾಂಗ್

ಕೊನೆಯದಾಗಿ, ಎಲ್ಲರ ಅಂಗಳದಲ್ಲಿಯೂ ಒಂದು ಕುಂಡವಾದರೂ ಇರಲೆಂದು ನಾನು ಬಯಸುವ ಡೈಸಿ ಮರ್ನಾಂಗ್, ಶಾಸ್ತ್ರೀಯವಾಗಿ ಮೈಕ್ರೋಸೆರಿಸ್ ವಾಲ್ಟೆರಿ. ಮೆಲ್ಬರ್ನ್ ಸುತ್ತಲಿನ ಮೂಲನಿವಾಸಿಗಳಿಗೆ ಇದರ ಬಿಳಿಯ ಗೆಡ್ಡೆ ನಿತ್ಯದ ಆಹಾರವಾಗಿತ್ತು. ಹೆಂಗಸರು ಅಗೆಗೋಲಿನಿಂದ ಗೆಡ್ಡೆ ತೆಗೆಯುವಾಗ ಮಣ್ಣು ಸಡಿಲವಾಗಿ, ಬಿಟ್ಟುಹೋದ ಗಿಡಗಳಿಗೆ ಜಾಗವಾಗಿ, ಮುಂದಿನ ಬೆಳೆ ಇನ್ನೂ ಹುಲುಸಾಗುತ್ತಿತ್ತು. 1835ರಿಂದ ಮೆಲ್ಬರ್ನ್ ಬದಿಯ ಪೋರ್ಟ್ ಫಿಲಿಪ್ ಕೊಲ್ಲಿಯ ಕಡೆಗೆ ಬಂದ ವಲಸಿಗರ ಕುರಿಗಳು ಎಲೆ, ಗೆಡ್ಡೆ ಎರಡನ್ನೂ ತಿಂದು, ನೆಲವನ್ನು ತುಳಿದು ಗಟ್ಟಿ ಮಾಡಿ, ಕೆಲವೇ ವರ್ಷಗಳಲ್ಲಿ ಈ ಗಿಡವನ್ನು ಬಯಲುಗಳಿಂದ ಅಳಿಸಿಹಾಕಿದವು. ಅದನ್ನು ನೆಚ್ಚಿದ್ದ ಜನ ಹಸಿವಿಗೆ ಬಿದ್ದರು.

ಬೆಳೆಸುವುದು ಕಷ್ಟವಲ್ಲ. ಸ್ಥಳೀಯ ಗಿಡಗಳ ನರ್ಸರಿಯಿಂದ ಸಸಿ ಅಥವಾ ಬೀಜ ತಂದು, ಒಂದು ಮೊಳ ಆಳದ ಕುಂಡದಲ್ಲಿ ಸಡಿಲವಾದ ಮರಳುಮಿಶ್ರಿತ ಮಣ್ಣಿಗೆ ಶರತ್ಕಾಲದಲ್ಲಿ (ಮಾರ್ಚ್‌ನಿಂದ ಮೇ) ಹಾಕಿ. ಎಲೆಯೂ ಹಳದಿ ಹೂವೂ ದಂಡೆಲಿಯನ್ ಕಳೆಯನ್ನು ಹೋಲುವುದರಿಂದ ಅನೇಕರು ಕಿತ್ತೆಸೆಯುತ್ತಾರೆ. ಗುರುತು ಮೊಗ್ಗಿನಲ್ಲಿದೆ, ಮರ್ನಾಂಗ್‌ನ ಮೊಗ್ಗು ಅರಳುವವರೆಗೂ ಕೊಕ್ಕೆಯಂತೆ ಬಾಗಿ ನೆಲ ನೋಡುತ್ತಿರುತ್ತದೆ. ಬೇಸಿಗೆಯಲ್ಲಿ ಎಲೆ ಒಣಗಿ ಕುಂಡ ಬರಿದಾದಂತೆ ಕಂಡರೂ ಗೆಡ್ಡೆ ಜೀವ ಹಿಡಿದಿರುತ್ತದೆ. ಆಗ ನೀರು ನಿ­ಲ್ಲಿಸಿ, ಕುಂಡವನ್ನು ನೆರಳಿಗೆ ಸರಿಸಿ, ಯಾರೂ ಖಾಲಿಯೆಂದು ಚೆಲ್ಲದಂತೆ ಹೆಸರು ಬರೆದ ಚೀಟಿಯೊಂದನ್ನು ಚುಚ್ಚಿಡಬೇಕು. ಮೊದಲ ಮಳೆಗೆ ಚಿಗುರು ಬರುತ್ತದೆ. ಎರಡನೆಯ ವರ್ಷ ಗೆಡ್ಡೆಗಳನ್ನು ಅಗೆದು, ದಪ್ಪನಾದ ಕೆಲವನ್ನು ಬೇಯಿಸಿ ಸಿಹಿ ನೋಡಿ, ಉಳಿದವನ್ನು ಅದೇ ದಿನ ಹೊಸ ಮಣ್ಣಿಗೆ ಇಳಿಸಿ.